ಎರಡೂ ಬ್ಯಾಂಡಿಗೆ

ಜೀಪು ಮೇಲೆ, ಕೊಡಚಾದ್ರಿ ಪಕ್ಕೆಯ ಬೋಳು ಬ್ಯಾಣದಲ್ಲಿ.
ಚಕ್ರಕ್ಕೆ ಕಲ್ಲು ಕೊಟ್ಟು ನಿಲ್ಲಿಸಿದ್ದಾನೆ ಡೊಮಿನಿಕ್.
ನಾನು ಕೆಳಗೆ, ಒಣಗಿದ ಹಳ್ಳದ ಅಂಚಿನಲ್ಲಿ,
ಕೈಯಲ್ಲಿ ಅಂಗೈಯಗಲದ ಸೆಟ್ಟು.
ಇಲ್ಲಿಂದ ಹೊಸನಗರಕ್ಕೆ ನನ್ನ ದನಿ ಮುಟ್ಟುವುದಿಲ್ಲ,
ಜೀಪಿನ ಪೆಟ್ಟಿಗೆಗೆ ಮುಟ್ಟುತ್ತದೆ.
ನಾನೂರ ಮೂವತ್ತೈದರಲ್ಲಿ ಕೇಳಿಸಿಕೊಂಡು
ನೂರ ನಲವತ್ತೈದರಲ್ಲಿ ಆಚೆ ಹೇಳುತ್ತದೆ,
ಚಾಡಿಕೋರನ ಹಾಗೆ.
ಆದರೆ ಏನೂ ಸೇರಿಸುವುದಿಲ್ಲ, ಏನೂ ಬಿಡುವುದಿಲ್ಲ,
ನನ್ನ ತೊದಲನ್ನೂ.

ಶಿವಮೊಗ್ಗದ ಬಿ.ಹೆಚ್. ರಸ್ತೆಯಲ್ಲಿ
ಮೋಟಾರು ವೈಂಡಿಂಗ್ ನನ್ನ ಕಸುಬು.
ತಾಮ್ರದ ತಂತಿಗೆ ಮಾತು ಬೇಡ, ಸುತ್ತಿನ ಲೆಕ್ಕ ಸಾಕು.
ಯಾರದಪ್ಪಾ ಅಂಗಡಿ ಅಂದರೆ
ಬೋರ್ಡಿನ ಕಡೆ ಕೈ ತೋರಿಸುತ್ತೇನೆ.
ಕನ್ನಪ್ಪ. ಬರೆದರೆ ಎಷ್ಟು ಸಲೀಸು!
ಆಡಹೋದರೆ ಆ ಮೊದಲ ಅಕ್ಷರವೇ
ಗಂಟಲೊಳಗೆ ಅಗುಳಿ ಹಾಕಿಕೊಂಡು ಕೂರುತ್ತದೆ.
ಪರೀಕ್ಷೆ ಪಾಸಾಗಿ ಸರ್ಕಾರ ಕೊಟ್ಟ ಕಾಲ್‌ಸೈನಿನಲ್ಲೂ
ಕೊನೆಗೆ ಬಂದು ಕೂತಿದೆ ಅದೇ: ಕಿಲೋ.
ಲಕೋಟೆ ಒಡೆದ ದಿನ ಹೆಂಡತಿ ಕೇಳಿದ್ದಳು,
"ಬದಲಾಯಿಸಿ ಕೊಡಲ್ವಂತಾ?"

ರೇಂಜ್ ಆಫೀಸಿನ ಮೇಜಿಗೆ ಜರೀನಾ ಮೇಡಂ,
ಕಾಲೇಜಿನ ಫಿಸಿಕ್ಸ್ ಲ್ಯಾಬನ್ನು ಮೂವತ್ತು ವರ್ಷ ಆಳಿದವರು.
ಕಾಡಿಗೆ ಬೆಂಕಿ ಬಿದ್ದರೂ ನಿಯಮ ನಿಯಮವೇ.
"ನಿಮ್ಮ ದನಿ ಹತ್ತಿ ಹೋಗುವಾಗ
ನಿಮ್ಮ ಹೆಸರೂ ಜೊತೆಗೆ ಹೋಗುತ್ತೆ, ಸರಿ.
ನನ್ನ ದನಿ ಇಳಿದು ಬರುವಾಗ?
ಹೆಸರು ನನ್ನದು, ಪೆಟ್ಟಿಗೆ ನಿಮ್ಮದು.
ಅದು ಯಾರ ಹೆಸರಲ್ಲಿ ಮಾತಾಡ್ತಿದೆ ಹೇಳಿ ಕನ್ನಪ್ಪ?
ಎರಡೂ ಬ್ಯಾಂಡಿಗೆ ಸೇರಿಸಿ ಹೇಳಿ,
ಶುರುವಿಗೆ, ಕೊನೆಗೆ, ನಡುವೆ ಗಡಿಯಾರ ನೋಡಿ.
ಗಾಳಿ ಯಾರಪ್ಪನದೂ ಅಲ್ಲ.
ಅದಕ್ಕೇ ಹೆಸರು ಹೇಳೋದು."

ಮೂರೂ ಮುಕ್ಕಾಲಿಗೆ ಗಾಳಿ ತಿರುಗಿತು.
ಕರಡ ಚಟಪಟ ಸಿಡಿಯುತ್ತ
ಬೆಂಕಿ ರೇಖೆ ದಾಟಿದ್ದು ಕಣ್ಣೆದುರೇ.
ವಾಚರ್ ದ್ಯಾವಪ್ಪ ಹಸಿಸೊಪ್ಪಿನ ಕೊಂಬೆ ಬೀಸುತ್ತ ಕೂಗಿದ:
"ಎಡಕ್ಕೆ ಹೊಂಟಿತು ಅನ್ರೀ! ಅಲ್ಲಿ ಎಂಟು ಜನ ಇದಾರೆ!"

ಗುಂಡಿ ಒತ್ತಿದೆ.
ವಿಕ್ಟರ್. ಯೂನಿಫಾರ್ಮ್. ತ್ರೀ.
ಮುಂದಿನ ಎರಡಕ್ಷರವೂ ಹೇಗೋ ದಾಟಿದವು.
ಆಮೇಲೆ ಅಗುಳಿ.

ಹೆಸರು ಬಿಟ್ಟು ಸುದ್ದಿ ಹೇಳಬಹುದಿತ್ತು,
ಯಾರೂ ಬೈಯುತ್ತಿರಲಿಲ್ಲ.
ಆದರೆ ಸಿಕ್ಕಿಕೊಂಡ ನಾಲಗೆ
ಮುಂದಕ್ಕೆ ಹೋಗದ ಹಾಗೆ ಹಿಂದಕ್ಕೂ ಬರುವುದಿಲ್ಲ.
ಪೆಟ್ಟಿಗೆ ನನ್ನ ಮೌನವನ್ನೂ
ಚಾಚೂ ತಪ್ಪದೆ ಬೆಟ್ಟದಾಚೆ ತಲುಪಿಸುತ್ತಿತ್ತು:
ಕ್, ಕ್, ಉಸಿರು, ಬೆಂಕಿಯ ಸದ್ದು.
ಸೋತು ಬೆರಳು ತೆಗೆದೆ.

ಸೆಟ್ಟಿನಲ್ಲಿ ಒಂದು ಗಳಿಗೆ ಏನೂ ಇಲ್ಲ.
ಆಮೇಲೆ ಮೇಡಂ,
ಲ್ಯಾಬಿನಲ್ಲಿ ನಗದ ಮೇಡಂ,
ಬಾಯಲ್ಲೇ, ಮಗುವಿಗೆ ಅನ್ನುವ ಹಾಗೆ:
ಡಾ, ಡಿ, ಡಾ.

ಗೆರೆ, ಚುಕ್ಕಿ, ಗೆರೆ.
ಮೋರ್ಸ್‌ನಲ್ಲಿ ಅದೇ ನನ್ನ ಅಕ್ಷರ.
ಮಾತಿನ ಕೊನೆಗೆ ಒಂಟಿಯಾಗಿ ಬಂದರೆ
ತಂತಿಯವರ ಭಾಷೆಯಲ್ಲಿ ಅದಕ್ಕೆ ಇನ್ನೊಂದು ಅರ್ಥವಿದೆ:
ನಾನು ಮುಗಿಸಿದೆ, ಇನ್ನು ನೀನು ಮಾತಾಡು.

"ಡಾ ಡಿ ಡಾ," ಅಂದೆ ನಾನೂ.
"ಎರಡೂ ಬ್ಯಾಂಡಿಗೆ. ಬೆಂಕಿ ಎಡಕ್ಕೆ. ಎಂಟು ಜನ.
ಹಳ್ಳಕ್ಕೆ ಇಳಿಯಲಿ, ಹಳ್ಳಕ್ಕೆ."
ಎಲ್ಲಿತ್ತೋ ಇಷ್ಟು ಮಾತು!

ಹೆಸರನ್ನು ಹೀಗೆ ಬಾಯಲ್ಲಿ ಹಾಡಿದರೆ
ನಿಯಮ ಒಪ್ಪುತ್ತದೋ ಇಲ್ಲವೋ,
ಮೇಡಂ ಆಮೇಲೂ ಹೇಳಲಿಲ್ಲ.

ಎಂಟೂ ಜನ ಮೈತುಂಬ ಮಸಿಯಾಗಿ ಹತ್ತಿ ಬಂದರು.
ಟಾರ್ಚಿನ ಬೆಳಕಲ್ಲಿ ಲಾಗ್ ಪುಸ್ತಕ ತುಂಬಿದೆ:
ಹೊತ್ತು, ಆವರ್ತನ, ಕಾಲ್‌ಸೈನು.
ತಡವಾದದ್ದಕ್ಕೆ ಅದರಲ್ಲಿ ಕಾಲಂ ಇಲ್ಲ.

ಕತ್ತಲಲ್ಲಿ ಜೀಪು ಇಳಿಯುವಾಗ
ಮೊದಲನೇ ತಿರುವಿಗೆ ಡೊಮಿನಿಕ್ ಹಾರ್ನ್ ಒತ್ತಿದ:
ಒಂದು ಉದ್ದ, ಒಂದು ಗಿಡ್ಡ, ಇನ್ನೊಂದು ಉದ್ದ.
ಇಡೀ ದಿನ ಪೆಟ್ಟಿಗೆಯ ಪಕ್ಕದಲ್ಲೇ ಕೂತಿದ್ದವನಲ್ಲವೇ ಅವನು.